ಮುಂಭಾರ, ಹಿಂಭಾರ

ಈ ಹೊತ್ತು ನಾನು ಮಾತಾಡಲು ಹೊರಟಿರುವುದು ಪಿಕಪ್ ಗಾಡಿಯ ಮುಂದಿನ ಎತ್ತರದ ಬಗ್ಗೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಕೆ.ಎಂ. ದೊಡ್ಡಿಯ ಆಸುಪಾಸಿನ ಚಿಕ್ಕರಸಿನಕೆರೆ ಹೋಬಳಿಯಲ್ಲಿ, ಮನೆಮುಂದೆ ಪಿಕಪ್ಪು ನಿಂತಿರುವುದು ಈಗ ಮಾಮೂಲಿ. ಎಳನೀರು ಮದ್ದೂರಿನ ಎ.ಪಿ.ಎಂ.ಸಿ.ಗೆ ಹೋಗಬೇಕು, ಬೆಲ್ಲ ಮಂಡ್ಯದ ಮಾರುಕಟ್ಟೆಗೆ ಹೋಗಬೇಕು, ರೇಷ್ಮೆಗೂಡು ರಾಮನಗರಕ್ಕೆ, ತರಕಾರಿ ಬೆಂಗಳೂರಿಗೆ. ಎಲ್ಲಕ್ಕೂ ಇದೇ ಗಾಡಿ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಸರಕು ಗಾಡಿ ಸಣ್ಣ ರೈತನ ಕೈಗೂ ಎಟುಕಿತು. ಬೊಲೆರೊ ಪಿಕಪ್ಪುಗಳು ಅದಕ್ಕಿಂತ ಹೆಚ್ಚಿನ ಭಾರ ಹೊರಲು ನಿಂತವು. ಸಾಲ ಮಾಡಿ ತಂದ ಗಾಡಿಯನ್ನು ಕಾಲಭೈರವೇಶ್ವರನ ಗುಡಿಯ ಮುಂದೆ ನಿಲ್ಲಿಸಿ, ನಿಂಬೆಹಣ್ಣು ಕಟ್ಟಿ, ಪೂಜೆ ಮಾಡಿಸಿಕೊಂಡು ಹೊರಟವರ ಬದುಕು ಆ ನಾಲ್ಕು ಚಕ್ರದ ಮೇಲೆಯೇ ನಡೆಯುತ್ತಿದೆ. ಆದ್ದರಿಂದ ಈ ವಿಷಯ ಬರೀ ಮೆಕ್ಯಾನಿಕ್‌ಗಳಿಗೆ ಸೇರಿದ್ದಲ್ಲ ಎಂದು ನನ್ನ ಎಣಿಕೆ.

ಗ್ಯಾರೇಜುಗಳಲ್ಲಿ ಇತ್ತೀಚೆಗೆ ಒಂದು ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತದೆ. ಗಾಡಿ ಕೊಂಡ ಹುಡುಗ ಬಂದು ನಿಲ್ಲುತ್ತಾನೆ. "ಅಣ್ಣ, ಮುಂದ್ಗಡೆ ಒಂದೆರಡು ಇಂಚು ಎತ್ಕೊಡಿ."

"ಯಾಕಪ್ಪ, ಏನಾಗದೆ?"

"ಖಾಲಿ ನಿಂತಾಗ ಮೂತಿ ನೆಲ ನೋಡ್ತದೆ. ಹಿಂದ್ಗಡೆ ಎದ್ಕಂಡದೆ. ಸಮ ಮಾಡ್ಕೊಡಿ."

"ಖಾಲಿ ಇದ್ದಾಗ ಸಮ ಆಯ್ತದೆ ಕಣಪ್ಪ. ಲೋಡ್ ಹಾಕ್ದಾಗ ಏನಾಯ್ತದೆ, ಅದ ಹೇಳು."

ಅನುಭವ ಇರುವ ಮೆಕ್ಯಾನಿಕ್ ಕೇಳುವ ಈ ಒಂದು ಪ್ರಶ್ನೆಯಲ್ಲಿಯೇ ನನ್ನ ಇವತ್ತಿನ ಮಾತು ಪೂರ್ತಿ ಅಡಗಿದೆ. ಗಾಡಿಯ ಮಟ್ಟವನ್ನು ಯಾವಾಗ ಅಳೆಯಬೇಕು? ಅಂಗಳದಲ್ಲಿ ಖಾಲಿ ನಿಂತಾಗಲೋ, ದುಡಿಯುವಾಗಲೋ?

ಮುಂಭಾಗ ಎತ್ತುವ ಈ ಕೆಲಸಕ್ಕೆ ಲೆವೆಲಿಂಗ್ ಕಿಟ್ ಎಂದು ಹೆಸರು. ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಪಿಕಪ್ಪು ಬಹಳ ಮಂದಿಗೆ ಮನೆಯ ಕಾರೂ ಹೌದು. ವಾರವೆಲ್ಲ ಖಾಲಿಯೇ ಓಡುತ್ತದೆ. ಕಂಪನಿಯಿಂದ ಬರುವಾಗ ಅಲ್ಲಿಯ ಗಾಡಿಗಳೂ ಮುಂದೆ ಒಂದೆರಡು ಇಂಚು ತಗ್ಗಾಗಿಯೇ ಇರುತ್ತವೆ. ಅದು ಕಣ್ಣಿಗೆ ಒಪ್ಪದೆ, ಮುಂದಿನ ಸ್ಪ್ರಿಂಗಿನ ಮೇಲೆ ಲೋಹದ ದಪ್ಪ ಬಿಲ್ಲೆಯೊಂದನ್ನು ಕೂರಿಸಿ ಮುಂಭಾಗವನ್ನು ಹಿಂಭಾಗದ ಮಟ್ಟಕ್ಕೆ ತರುತ್ತಾರೆ. ಖಾಲಿ ಓಡುವ ಗಾಡಿಗೆ ಅದು ಒಂದು ಮಟ್ಟಕ್ಕೆ ನಡೆಯುತ್ತದೆ. ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುವುದು ಆ ಗಾಡಿಗಳನ್ನು. ಓಡಿಸುವುದು ಮಾತ್ರ ಎಳನೀರು ತುಂಬಿದ ಗಾಡಿಯನ್ನು.

ಕಂಪನಿಯವರು ಮುಂಭಾಗವನ್ನು ತಗ್ಗಿಸಿ ಕಳಿಸುವುದು ಲೆಕ್ಕ ಹಾಕಿಯೇ. ಮುಂದಿನ ಚಕ್ರದ ಅಚ್ಚಿನಿಂದ ಹಿಂದಿನ ಅಚ್ಚಿಗೆ ಮೂರು ಮೀಟರ್ ಎಂದಿಟ್ಟುಕೊಳ್ಳಿ. ತೊಟ್ಟಿಯಲ್ಲಿ ಹೇರಿದ ಮಾಲಿನ ನಡುಭಾಗ ಹಿಂದಿನ ಅಚ್ಚಿಗಿಂತ 30 ಸೆಂಟಿಮೀಟರ್ ಮುಂದಿದೆ ಎನ್ನಿ. ಆಗ ಮಾಲಿನ ಹತ್ತರಲ್ಲಿ ಒಂದು ಪಾಲು ಮಾತ್ರ ಮುಂದಿನ ಚಕ್ರಗಳಿಗೆ ಹೋಗುತ್ತದೆ, ಒಂಬತ್ತು ಪಾಲು ಹಿಂದಿನ ಚಕ್ರಗಳಿಗೆ. 1,500 ಕೆ.ಜಿ. ಹೇರಿದರೆ ಮುಂದಕ್ಕೆ 150, ಹಿಂದಕ್ಕೆ 1,350. ಹೀಗಾಗಿ ಮುಂಭಾಗ ಸ್ವಲ್ಪವೇ ಇಳಿಯುತ್ತದೆ, ಹಿಂಭಾಗ ಇಂಚುಗಟ್ಟಲೆ ಇಳಿಯುತ್ತದೆ. ಖಾಲಿ ಇದ್ದಾಗ ಹಿಂಭಾಗ ಎದ್ದು ನಿಂತಿದ್ದರೆ ತಾನೆ ಲೋಡಿನಲ್ಲಿ ಸಮಕ್ಕೆ ಬರುವುದು? ಖಾಲಿ ಗಾಡಿಯ ಮೂತಿ ತಗ್ಗಿರುವುದು ದೋಷವಲ್ಲ. ಭಾರ ಬರಲಿದೆ ಎಂದು ಮೊದಲೇ ಬಿಟ್ಟಿಟ್ಟ ಜಾಗ ಅದು.

ಇದು ನಮ್ಮ ಜನಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಕೆ.ಎಂ. ದೊಡ್ಡಿಯ ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆಗೆ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವರು ಇದನ್ನು ದಿನವೂ ಕೈಯಲ್ಲಿ ತೂಗಿ ನೋಡಿದ್ದಾರೆ. ಎರಡೇ ಚಕ್ರದ ಗಾಡಿ. ಅಚ್ಚಿನ ಮುಂದೆ ಹೆಚ್ಚು ಕಬ್ಬು ಬಿದ್ದರೆ ಮುಂಭಾರ, ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದೆ ಹೆಚ್ಚಾದರೆ ಹಿಂಭಾರ, ನೊಗ ಮೇಲೆದ್ದು ಕೊರಳ ಹಗ್ಗ ಗಂಟಲಿಗೆ ಬಿಗಿಯುತ್ತದೆ. ಬಲ್ಲ ಗಾಡಿಯವನು ಕಬ್ಬು ಹೇರಿ ಮುಗಿಸಿದ ಮೇಲೆ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಾನೆ. ತೂಕ ಸರಿ ಕಾಣದಿದ್ದರೆ ನಾಲ್ಕು ಹೊರೆ ಈಚೆಗೋ ಆಚೆಗೋ ಸರಿಸುತ್ತಾನೆ. ಖಾಲಿ ಗಾಡಿಯ ನೊಗ ಎಲ್ಲಿ ನಿಂತಿದೆ ಎಂದು ಅವನು ನೋಡುವುದಿಲ್ಲ. ಕಬ್ಬು ಹೇರಿದ ಗಾಡಿಯ ನೊಗ ಎಲ್ಲಿ ನಿಂತಿದೆ ಎಂದು ನೋಡುತ್ತಾನೆ. ಪಿಕಪ್ಪಿನಲ್ಲಿ ಎತ್ತಿನ ಕೊರಳು ಇಲ್ಲವಾದ್ದರಿಂದ ಹಿಂಭಾರದ ನೋವು ಕಣ್ಣಿಗೆ ಕಾಣುವುದಿಲ್ಲ. ಅದು ಸ್ಟೇರಿಂಗಿನಲ್ಲಿ, ಬ್ರೇಕಿನಲ್ಲಿ, ಎದುರಿಗೆ ಬರುವವನ ಕಣ್ಣಿನಲ್ಲಿ ತೋರುತ್ತದೆ.

ಕಣ್ಣಿನ ಮಾತನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನನಗೆ ಹೆಚ್ಚು ದಿಗಿಲು ಅದರದು. ಹೆಡ್‌ಲೈಟಿನ ಡಿಮ್ ಬೆಳಕನ್ನು ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು ಕೆಳಕ್ಕೆ ಬಾಗಿಸಿ ಕೂರಿಸಿರುತ್ತಾರೆ. ಅಂದರೆ ಹತ್ತು ಮೀಟರ್ ಮುಂದೆ ಹೋಗುವಷ್ಟರಲ್ಲಿ ಬೆಳಕಿನ ಮೇಲಂಚು ಹತ್ತು ಸೆಂಟಿಮೀಟರ್ ಇಳಿದಿರಬೇಕು. ಲೈಟು ನೆಲದಿಂದ 90 ಸೆಂಟಿಮೀಟರ್ ಮೇಲಿದ್ದರೆ ಆ ಅಂಚು 90 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಈಗ ಮುಂಭಾಗವನ್ನು ಎರಡು ಇಂಚು ಎತ್ತಿ, ಲೋಡ್ ಹಾಕಿ ಓಡಿಸಿ. ಮೂರು ಮೀಟರ್ ಉದ್ದದ ಅಚ್ಚುಗಳ ಅಂತರಕ್ಕೆ ಎರಡು ಇಂಚು ಎಂದರೆ ನೂರಕ್ಕೆ ಹೆಚ್ಚು ಕಡಿಮೆ ಒಂದೂಮುಕ್ಕಾಲು. ಒಂದು ಪಾಲು ಕೆಳಗಿದ್ದ ಬೆಳಕು ಮುಕ್ಕಾಲು ಪಾಲು ಮೇಲಕ್ಕೆ ತಿರುಗಿತು. 70 ಮೀಟರ್ ದೂರದಲ್ಲಿ ಅದು ನೆಲದಿಂದ ನಾಲ್ಕೂವರೆ ಅಡಿ ಮೇಲಿರುತ್ತದೆ. ಸ್ಕೂಟರಿನಲ್ಲಿ ಕೂತವರ ಕಣ್ಣು ಇರುವುದು ಸರಿಯಾಗಿ ಅಲ್ಲಿಯೇ. ಗಾಡಿ ಓಡಿಸುವವನು ತಾನು ಡಿಮ್ ಹಾಕಿದ್ದೇನೆ ಎಂದೇ ನಂಬಿರುತ್ತಾನೆ; ಎದುರಿನವನಿಗೆ ಅದು ಹೈಬೀಮು.

ಆ ಬೆಳಕು ಕಣ್ಣಿಗೆ ಕುಕ್ಕಿದಾಗ ಎದುರಿನವನಿಗೆ ಕಾಣದೇ ಹೋಗುವುದು ಏನು? ಕಬ್ಬು ಅರೆಯುವ ಹಂಗಾಮಿನಲ್ಲಿ ನಮ್ಮ ರಸ್ತೆಗಳನ್ನು ನೆನಪು ಮಾಡಿಕೊಳ್ಳಿ. ಹಿಂದೆ ಒಂದು ಲೈಟೂ ಇಲ್ಲದ ಎತ್ತಿನ ಗಾಡಿ, ತೊಟ್ಟಿಯ ಆಚೆಗೆ ಕಬ್ಬಿನ ತುದಿ ಚಾಚಿಕೊಂಡ ಟ್ರ್ಯಾಕ್ಟರ್ ಟ್ರೈಲರು, ಗದ್ದೆಗೆ ನೀರು ಕಟ್ಟಿ ಬರುತ್ತಿರುವ ರೈತ, ತಡೆಗೋಡೆ ಇಲ್ಲದ ನಾಲೆ ಏರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಹಾಡಹಗಲೇ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಹೋದರು. ಅದು ಹೆಡ್‌ಲೈಟಿನಿಂದ ಆದದ್ದಲ್ಲ. ಆದರೆ ನಾಲೆ ಏರಿಯ ರಸ್ತೆ ಎಷ್ಟು ಕಡಿಮೆ ತಪ್ಪನ್ನು ಮನ್ನಿಸುತ್ತದೆ ಎಂಬುದನ್ನು ಮಂಡ್ಯ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಬೇಕಿಲ್ಲ. ಅಂಥ ರಸ್ತೆಯಲ್ಲಿ ಎದುರಿನವನ ಕಣ್ಣಿಗೆ ಎರಡು ಕ್ಷಣ ಕತ್ತಲೆ ಕವಿಸುವುದು ಚಂದಕ್ಕಾಗಿ ಮಾಡುವ ಕೆಲಸವಲ್ಲ.

ಅಮೆರಿಕದಲ್ಲಿಯೂ ಈ ತೊಂದರೆ ಕಾನೂನಿನವರೆಗೆ ಹೋಯಿತು. ಮುಂಭಾಗವನ್ನು ವಿಪರೀತ ಎತ್ತಿ ಹಿಂಭಾಗವನ್ನು ಕುಕ್ಕರಿಸಿದಂತೆ ಬಿಡುವ ಒಂದು ಹುಚ್ಚು ಅಲ್ಲಿ ಹಬ್ಬಿತ್ತು. ಮುಂದಿನ ಮಡ್‌ಗಾರ್ಡು ಹಿಂದಿನದಕ್ಕಿಂತ ನಾಲ್ಕು ಇಂಚು ಅಥವಾ ಅದಕ್ಕೂ ಮೇಲಿರುವಂತೆ ಮಾರ್ಪಡಿಸಿದ ಗಾಡಿ ರಸ್ತೆಗೆ ಇಳಿಯಕೂಡದೆಂದು ನಾರ್ತ್ ಕ್ಯಾರೊಲಿನಾ ರಾಜ್ಯ 2021ರಲ್ಲಿ ಕಾನೂನು ತಂದಿತು. ಅದಾದ ಮೇಲೆ ವರ್ಜೀನಿಯಾ, ಸೌತ್ ಕ್ಯಾರೊಲಿನಾಗಳೂ ತಂದವು. ಅವರು ಬೇಕೆಂದೇ ಮಾಡಿದ ಆಕಾರವನ್ನು, ಮುಂದೆ ಎತ್ತಿದ ನಮ್ಮ ಪಿಕಪ್ಪು ಲೋಡು ಬಿದ್ದ ಕೂಡಲೇ ತಾನಾಗಿ ಪಡೆಯುತ್ತದೆ.

ಇನ್ನು ಹಿಂಭಾಗಕ್ಕೆ ಬರೋಣ, ಏಕೆಂದರೆ ಮುಂದಿನ ತಗ್ಗಿನ ಮೂಲ ಬಹಳ ಸಲ ಹಿಂದೆಯೇ ಇರುತ್ತದೆ. ಗಾಡಿ ಕೊಂಡ ಹೊಸತರಲ್ಲೇ ಹಿಂದಿನ ಕಮಾನಿಗೆ ಒಂದೋ ಎರಡೋ ಬ್ಲೇಡು, ಅಂದರೆ ಉಕ್ಕಿನ ಪಟ್ಟಿ, ಹೆಚ್ಚಿಗೆ ಹಾಕಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಎಳನೀರು ಒಂದೊಂದು ಎರಡು ಕೆ.ಜಿ. ತೂಗಿದರೂ 850 ಕಾಯಿಗೆ 1,700 ಕೆ.ಜಿ. ಆಯಿತು. ತೋಟದಲ್ಲಿ ನಿಂತು ಹೇರುವಾಗ ಯಾರೂ 850ಕ್ಕೆ ಕೈ ತಡೆಯುವುದಿಲ್ಲ. ಬ್ಲೇಡು ಕಟ್ಟಾಗುತ್ತದೆ ಎಂಬ ಭಯ, ಅದಕ್ಕೆ ಹೆಚ್ಚಿನ ಬ್ಲೇಡು. ಬ್ಲೇಡು ಹೆಚ್ಚಾದ ಮೇಲೆ ಖಾಲಿ ಗಾಡಿಯ ಹಿಂಭಾಗ ಇನ್ನೂ ಮೇಲಕ್ಕೆ ಏಳುತ್ತದೆ. ಆಗ ಮುಂಭಾಗ ತಗ್ಗಾಗಿ ಕಾಣುತ್ತದೆ. ಈಗ ಮುಂದೆ ಎತ್ತಿಸಬೇಕೆಂಬ ಆಸೆ. ಒಂದು ಮಾರ್ಪಾಡು ಇನ್ನೊಂದನ್ನು ಎಳೆದುಕೊಂಡು ಬಂತು.

ಬ್ಲೇಡಿನ ಗಡಸುತನದ ಲೆಕ್ಕ ನಾವು ಊಹಿಸಿದಂತೆ ಇರುವುದಿಲ್ಲ. ಉದ್ದ, ಅಗಲ ಒಂದೇ ಇದ್ದು ದಪ್ಪ ಮಾತ್ರ ಏಳು ಮಿಲಿಮೀಟರಿನಿಂದ ಎಂಟಕ್ಕೆ ಏರಿದರೆ ಆ ಬ್ಲೇಡು ಹೆಚ್ಚು ಕಡಿಮೆ ಒಂದೂವರೆ ಪಟ್ಟು ಗಟ್ಟಿಯಾಗುತ್ತದೆ. ದಪ್ಪದ ಮೂರನೇ ಘಾತದಂತೆ ಅದು ಏರುತ್ತದೆ. ಒಂದು ಮಿಲಿಮೀಟರ್ ತಾನೆ ಎಂದು ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಸಿದವರು ಗಾಡಿ ಏಕೆ ಹೀಗೆ ಎಗರುತ್ತದೆ ಎಂದು ಆಮೇಲೆ ಕೇಳುತ್ತಾರೆ.

ಇದಕ್ಕಿಂತ ದೊಡ್ಡ ಕೇಡು ಬ್ರೇಕಿನಲ್ಲಿದೆ. ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೂ ಛಾಸಿಗೂ ನಡುವೆ ಒಂದು ಸಣ್ಣ ಸರಳು, ಸ್ಪ್ರಿಂಗು, ಅದರ ತುದಿಗೆ ಬ್ರೇಕ್ ಎಣ್ಣೆಯ ಒಂದು ಕವಾಟ ಇರುತ್ತದೆ. ಎಲ್.ಎಸ್.ಪಿ.ವಿ. ಎನ್ನುತ್ತಾರೆ. ಹಿಂಭಾಗ ಎಷ್ಟು ಇಳಿದಿದೆ ಎಂಬುದನ್ನು ನೋಡಿ ಅದು ಲೋಡನ್ನು ಅಂದಾಜು ಮಾಡುತ್ತದೆ. ಹೆಚ್ಚು ಇಳಿದಿದ್ದರೆ ಲೋಡು ಹೆಚ್ಚಿದೆ ಎಂದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ; ಇಳಿಯದಿದ್ದರೆ ಗಾಡಿ ಖಾಲಿ ಎಂದು ಕಡಿಮೆ ಬಿಡುತ್ತದೆ, ಖಾಲಿ ಗಾಡಿಯ ಹಿಂದಿನ ಚಕ್ರ ಬಿಗಿದು ಜಾರದಿರಲೆಂದು. ನೀವು ಬ್ಲೇಡು ಹೆಚ್ಚಿಸಿದಿರಿ, ಎರಡು ಟನ್ನು ಹೇರಿದರೂ ಹಿಂಭಾಗ ಇಳಿಯಲಿಲ್ಲ. ಕವಾಟ ಏನು ತಿಳಿಯುತ್ತದೆ? ಗಾಡಿ ಖಾಲಿ ಎಂದು. ಭಾರ ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕು ಸಿಗುತ್ತದೆ. ಬ್ಲೇಡು ಹಾಕಿಸಿದವರು ಆ ಕವಾಟದ ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಿದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ದಯವಿಟ್ಟು ನಿಮ್ಮ ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ, ಆ ಸರಳು ಇದೆಯೇ, ಮುರಿದು ನೇತಾಡುತ್ತಿದೆಯೇ ಎಂದು.

ಕಾನೂನಿನ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇದಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ಇಟ್ಟಿದ್ದಾರೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲೂ ಇದೊಂದು ಕಾರಣವಾಗಬಹುದು. ಆದ್ದರಿಂದ ಮುಂದೆ ನಾನು ಹೇಳುವ ಕೆಲಸ, ಕುಸಿದ ಮುಂಭಾಗವನ್ನು ಕಂಪನಿ ಕೊಟ್ಟ ಎತ್ತರಕ್ಕೆ ಮರಳಿ ತರುವುದು. ಅದಕ್ಕಿಂತ ಮೇಲೆ ಎತ್ತುವುದಲ್ಲ.

ಮುಂಭಾಗ ನಿಜವಾಗಿಯೂ ಕುಸಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಹಳ್ಳಿಯ ಹಂಪುಗಳ ಮೇಲೆ ವರ್ಷಗಟ್ಟಲೆ ಎಗರಿದ ಬ್ಲೇಡು ತನ್ನ ಬಾಗು ಕಳೆದುಕೊಂಡು ನೇರವಾಗುತ್ತದೆ. ಒಳಗಿನ ಬ್ಲೇಡೊಂದು ಬಿರುಕು ಬಿಟ್ಟಿರುತ್ತದೆ, ಮೇಲಿನ ಗ್ರೀಸು ಮಣ್ಣಿನಲ್ಲಿ ಅದು ಕಾಣುವುದಿಲ್ಲ. ಬುಷ್ ಸವೆದಿರುತ್ತದೆ, ಶ್ಯಾಕಲ್ ಸವೆದಿರುತ್ತದೆ, ಸೆಂಟರ್ ಬೋಲ್ಟ್ ತುಂಡಾಗಿ ಅಚ್ಚು ಒಂದಿಷ್ಟು ಹಿಂದಕ್ಕೆ ಸರಿದಿರುತ್ತದೆ. ಶಾಕ್ ಅಬ್ಸಾರ್ಬರ್ ಹೋಗಿದೆ, ಅದಕ್ಕೇ ಗಾಡಿ ಕುಸಿದಿದೆ ಎಂದು ಹೊಸ ಶಾಕ್ ಹಾಕಿಸಿ ಹಣ ಕಳೆದುಕೊಳ್ಳುವವರೂ ಇದ್ದಾರೆ. ಶಾಕ್ ಅಬ್ಸಾರ್ಬರ್ ಗಾಡಿಯನ್ನು ಹೊರುವುದಿಲ್ಲ. ಹೊರುವುದು ಬ್ಲೇಡು ಅಥವಾ ಸ್ಪ್ರಿಂಗು. ಶಾಕ್ ಮಾಡುವುದು ಕುಣಿತ ನಿಲ್ಲಿಸುವ ಕೆಲಸ ಮಾತ್ರ.

ಮೊದಲ ಕೆಲಸ ಅಳತೆ. ಸಿಮೆಂಟಿನ ಸಮನೆಲ ಬೇಕು. ಅಕ್ಕಿ ಗಿರಣಿಯ ಅಂಗಳವೋ ಗೋದಾಮಿನ ಮುಂದಿನ ಜಾಗವೋ ಆದೀತು. ನಾಲ್ಕೂ ಟೈರಿಗೆ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಬರೆದಿರುವಷ್ಟು ಗಾಳಿ ಇರಲಿ. ಒಂದು ಟೈರು ಸವೆದು ಇನ್ನೊಂದು ಹೊಸದಾಗಿದ್ದರೆ ಅಳತೆಯೇ ಸುಳ್ಳು ಹೇಳುತ್ತದೆ. ಚಕ್ರದ ನಡುವಿನ ಹಬ್ಬಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ನಾಲ್ಕೂ ಕಡೆ ಬರೆದುಕೊಳ್ಳಿ. ನೆಲದಿಂದ ಅಳೆಯುವುದಕ್ಕಿಂತ ಹಬ್ಬಿನಿಂದ ಅಳೆಯುವುದು ಸರಿ, ಟೈರಿನ ವ್ಯತ್ಯಾಸ ಅದರಲ್ಲಿ ಸೇರುವುದಿಲ್ಲ. ಎಡಕ್ಕೂ ಬಲಕ್ಕೂ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಂದು ಕಡೆ ಏನೋ ಮುರಿದಿದೆ ಎಂದೇ ಹುಡುಕಬೇಕು. ಆಮೇಲೆ ನೀವು ದಿನವೂ ಹೇರುವಷ್ಟು ಮಾಲು ಹೇರಿ ಮತ್ತೆ ನಾಲ್ಕೂ ಕಡೆ ಅಳೆಯಿರಿ. ಈ ಎರಡನೇ ಅಳತೆಯನ್ನು ಯಾರೂ ಮಾಡುವುದಿಲ್ಲ, ನಿರ್ಧಾರ ಮಾಡಬೇಕಾದದ್ದು ಮಾತ್ರ ಅದರಿಂದಲೇ.

ಇನ್ನೊಂದು ಉಪಾಯ ಹೇಳುತ್ತೇನೆ. ಕಬ್ಬಿನ ಸೀಮೆಯಲ್ಲಿ ನಮಗೆ ವೇಬ್ರಿಡ್ಜಿಗೆ ಬರವಿಲ್ಲ. ಬರೀ ಮುಂದಿನ ಚಕ್ರಗಳನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಿ. ಒಮ್ಮೆ ಖಾಲಿ, ಒಮ್ಮೆ ಲೋಡಿನಲ್ಲಿ. ಲೋಡು ಹಾಕಿದಾಗ ಮುಂದಿನ ತೂಕ ಖಾಲಿ ಇದ್ದಾಗಿನದಕ್ಕಿಂತ ಕಡಿಮೆ ಬಂದರೆ, ಮಾಲಿನ ನಡುಭಾಗ ಹಿಂದಿನ ಅಚ್ಚನ್ನು ದಾಟಿ ಹಿಂದಕ್ಕೆ ಹೋಗಿದೆ ಎಂದು ಅರ್ಥ. ಗಾಡಿ ಹಿಂಭಾರ. ತೊಟ್ಟಿಯ ಹಿಂಬಾಗಿಲು ಇಳಿಸಿ ಅದರ ಮೇಲೂ ಗೊನೆ ಜೋಡಿಸಿದಾಗ ಆಗುವುದು ಇದೇ. ಸ್ಟೇರಿಂಗು ಹಗುರಾಗುತ್ತದೆ, ಏರಿನಲ್ಲಿ ಗಾಡಿ ಹಿಡಿತ ತಪ್ಪಿದಂತಾಗುತ್ತದೆ. ಇದಕ್ಕೆ ಯಾವ ಕಿಟ್ಟೂ ಮದ್ದಲ್ಲ. ಭಾರದ ಮೂಟೆಗಳು ಕ್ಯಾಬಿನ್ ಕಡೆಗೆ, ಹಗುರವಾದದ್ದು ಹಿಂದಕ್ಕೆ. ಬೆಲ್ಲದ ಜೊತೆ ಹುಲ್ಲಿನ ಹೊರೆ ಹೋಗುವುದಿದ್ದರೆ ಬೆಲ್ಲ ಮುಂದಿರಲಿ.

ಅಳತೆಯಾದ ಮೇಲೆಯೂ ಮುಂಭಾಗ ಕುಸಿದದ್ದು ದಿಟವಾದರೆ ಕೈ ಹಚ್ಚಬಹುದು. ನಮ್ಮ ಕಡೆ ಓಡುವ ಸರಕು ಪಿಕಪ್ಪುಗಳಲ್ಲಿ ಬಹಳಷ್ಟಕ್ಕೆ ಮುಂದೆಯೂ ಬ್ಲೇಡೇ ಇದೆ. ಟಾಟಾ ಏಸಿಗೂ ಹಾಗೆಯೇ. ಇವಕ್ಕೆ ಅಗ್ಗದ ದಾರಿ ಎಂದರೆ ಹಳೆಯ ಬ್ಲೇಡನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಾಗು ಕೊಡಿಸುವುದು. ಕಮ್ಮಾರನ ಕೈಯ ಬಗ್ಗೆ ನನಗೆ ಗೌರವವಿದೆ. ಆದರೆ ಬ್ಲೇಡಿನ ಉಕ್ಕಿಗೆ ಕಾರ್ಖಾನೆಯಲ್ಲಿ ಲೆಕ್ಕದ ಕಾವು ಕೊಟ್ಟು, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಟೆಂಪರ್ ಹಿಡಿಸಿರುತ್ತಾರೆ. ಬಯಲು ಕುಲುಮೆಯಲ್ಲಿ ಆ ಹದ ಹೋಗುತ್ತದೆ. ಆಮೇಲೆ ಅದು ಮೆದುವಾಗಿ ಬೇಗ ಕುಸಿಯುತ್ತದೆ, ಇಲ್ಲವೇ ಗಾಜಿನಂತೆ ಪೆಡಸಾಗಿ ತುಂಡಾಗುತ್ತದೆ. ಹಿಂದಿನ ಬ್ಲೇಡು ತುಂಡಾದರೆ ಗಾಡಿ ಕೂರುತ್ತದೆ. ಮುಂದಿನ ಮೇನ್ ಬ್ಲೇಡು ತುಂಡಾದರೆ ಅಚ್ಚೇ ಓರೆಯಾಗಿ ಸ್ಟೇರಿಂಗು ಕೈಗೆ ಸಿಗುವುದಿಲ್ಲ. ಮುಂದಕ್ಕೆ ಹೊಸ ಸೆಟ್ಟೇ ಹಾಕಿಸಿ, ಎರಡೂ ಕಡೆ ಒಟ್ಟಿಗೆ ಹಾಕಿಸಿ. ಹಾಗೆಯೇ ಅಚ್ಚಿಗೂ ಬ್ಲೇಡಿಗೂ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಎತ್ತರಿಸುವುದನ್ನು ಮುಂದಿನ ಅಚ್ಚಿಗೆ ಯಾವತ್ತೂ ಮಾಡಬೇಡಿ. ಬ್ರೇಕು ಒತ್ತಿದಾಗ ಅಚ್ಚು ತಿರುಚಿಕೊಳ್ಳಲು ನೋಡುತ್ತದೆ, ದಿಮ್ಮಿ ಆ ತಿರುಚನ್ನು ಇನ್ನೂ ಹೆಚ್ಚು ಮಾಡುತ್ತದೆ.

ಕೆಲಸ ಹೀಗೆ ನಡೆಯಲಿ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಜಾಕಿನಿಂದ ಎತ್ತಿದ ಮೇಲೆ ಛಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡು ಕೊಡಿ. ಬರೀ ಜಾಕನ್ನು ನಂಬಿ ಯಾರೂ ಗಾಡಿಯ ಕೆಳಗೆ ನುಸುಳಬಾರದು. ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಅಚ್ಚಿಗೆ ಬೇರೆ ಜಾಕಿನ ಆಸರೆ ಇರಲಿ, ಇಲ್ಲದಿದ್ದರೆ ಅದು ಬ್ರೇಕ್ ಹೋಸಿನಲ್ಲಿ ಜೋತುಬೀಳುತ್ತದೆ. ಶಾಕ್ ಬಿಚ್ಚಿ, ಯು ಬೋಲ್ಟ್ ಬಿಚ್ಚಿ, ಹಳೆ ಸೆಟ್ಟು ಇಳಿಸಿ. ಹೊಸ ಸೆಟ್ಟಿನ ಸೆಂಟರ್ ಬೋಲ್ಟಿನ ತಲೆ ಅಚ್ಚಿನ ತೂತಿನೊಳಗೆ ಸರಿಯಾಗಿ ಕೂತಿದೆಯೇ ನೋಡಬೇಕು, ಅದು ಓರೆ ಕೂತರೆ ಅಚ್ಚೂ ಓರೆಯೇ. ಯು ಬೋಲ್ಟುಗಳನ್ನು ಹಳೆಯವನ್ನೇ ಹಾಕುವುದು ಬೇಡ. ಒಮ್ಮೆ ಬಿಗಿದು ಎಳೆದ ಥ್ರೆಡ್ಡುಗಳು ಎರಡನೇ ಸಲಕ್ಕೆ ಅದೇ ಬಿಗಿ ಹಿಡಿಯುವುದಿಲ್ಲ. ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಒಂದೊಂದಿಷ್ಟೇ ಬಿಗಿಯುತ್ತಾ ಬನ್ನಿ. ಶ್ಯಾಕಲ್ಲಿನ ಮತ್ತು ಬ್ಲೇಡಿನ ಕಣ್ಣಿನ ಬೋಲ್ಟುಗಳಿಗೆ ಕೊನೆಯ ಬಿಗಿ ಕೊಡುವುದು ಗಾಡಿಯನ್ನು ನೆಲಕ್ಕೆ ಇಳಿಸಿ, ಅದರ ತೂಕ ಚಕ್ರದ ಮೇಲೆ ಬಂದ ನಂತರ. ನೇತಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಹೊಸ ಸೆಟ್ಟಿನಿಂದ ಕಿಂಗ್ ಪಿನ್ನಿನ ಹಿಂದೋರೆ ಬದಲಾಗಬಹುದು. ತಿರುವಿನಲ್ಲಿ ಸ್ಟೇರಿಂಗು ತಾನಾಗಿ ನೆಟ್ಟಗೆ ಬರುವುದು ಆ ಓರೆಯಿಂದ. ಕ್ಯಾಸ್ಟರ್ ಎನ್ನುತ್ತಾರೆ. ಅದು ಕಡಿಮೆಯಾದರೆ ಹಳ್ಳಿ ರಸ್ತೆಯ ಮೂವತ್ತು ನಲವತ್ತರ ವೇಗದಲ್ಲಿ ಏನೂ ತಿಳಿಯುವುದಿಲ್ಲ. ಗೆಜ್ಜಲಗೆರೆಯಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಹತ್ತಿ ಎಂಬತ್ತಕ್ಕೆ ಏರಿಸಿದಾಗ ಗಾಡಿ ಅತ್ತಿತ್ತ ಓಲಾಡತೊಡಗುತ್ತದೆ. ಬ್ಲೇಡಿನ ಕೆಳಗೆ ಓರೆ ಬೆಣೆ ಕೊಟ್ಟು ಇದನ್ನು ಸರಿಮಾಡಬಹುದು, ಎಷ್ಟು ಕೊಡಬೇಕೆಂಬುದನ್ನು ಅಲೈನ್‌ಮೆಂಟ್ ಯಂತ್ರ ಹೇಳಬೇಕು. ಅಂದಾಜಿನಲ್ಲಿ ಕೊಡುವಂಥದ್ದಲ್ಲ.

ಇನ್ನು ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂಥ ಗಾಡಿಗಳಿರುವವರಿಗೆ ಎರಡು ಮಾತು. ಇವುಗಳ ಮುಂದೆ ಬ್ಲೇಡಿಲ್ಲ, ಸುರುಳಿ ಸ್ಪ್ರಿಂಗು. ಅಂಗಡಿಯಲ್ಲಿ ಸಿಗುವ ಲೆವೆಲಿಂಗ್ ಕಿಟ್ ಎಂದರೆ ಆ ಸ್ಪ್ರಿಂಗಿನ ನೆತ್ತಿಯ ಮೇಲೆ ಕೂರಿಸುವ ಬಿಲ್ಲೆ. ಸ್ಪ್ರಿಂಗು ಕೂತಿರುವುದು ಕೆಳಗಿನ ತೋಳಿನ ನಡುವೆಲ್ಲೋ, ಚಕ್ರ ಇರುವುದು ತೋಳಿನ ತುದಿಯಲ್ಲಿ. ಆದ್ದರಿಂದ ಒಂದಿಂಚಿನ ಬಿಲ್ಲೆ ಗಾಡಿಯನ್ನು ಎರಡಿಂಚಿನ ಹತ್ತಿರಕ್ಕೆ ಎತ್ತಿಬಿಡುತ್ತದೆ. ಬಿಲ್ಲೆಯಿಂದ ಸ್ಪ್ರಿಂಗಿನ ಬಲ ಹೆಚ್ಚುವುದಿಲ್ಲ. ಚಕ್ರ ಕೆಳಕ್ಕೆ ಇಳಿಯಲು ಇದ್ದ ಜಾಗ ಅಷ್ಟರಮಟ್ಟಿಗೆ ಕಡಿಮೆಯಾಗಿ, ಗುಂಡಿಯಲ್ಲಿ ಠಕ್ಕೆಂದು ಸದ್ದು ಬರುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಡ್ರೈವ್ ಶಾಫ್ಟಿನ ಕೀಲುಗಳು ಓರೆಯಲ್ಲಿ ದುಡಿದು ರಬ್ಬರ್ ಬೂಟು ಹರಿದು ಗ್ರೀಸು ಸೋರುತ್ತದೆ. ಬಾಲ್ ಜಾಯಿಂಟಿಗೂ ಅದೇ ಪಾಡು. ಬಿಗಿದ ಸುರುಳಿ ಸ್ಪ್ರಿಂಗನ್ನು ಸರಿಯಾದ ಕಂಪ್ರೆಸರ್ ಇಲ್ಲದೆ ಬಿಚ್ಚಲು ಹೋಗಬೇಡಿ. ಅದು ಸಿಡಿದರೆ ಆಳನ್ನೇ ಕೊಲ್ಲುವಷ್ಟು ಶಕ್ತಿ ಅದರೊಳಗೆ ಇರುತ್ತದೆ. ಇದು ಮನೆಯಂಗಳದ ಕೆಲಸವಲ್ಲ. ಸುರುಳಿಯ ಬದಲು ತಿರುಚುವ ಸರಳು, ಅಂದರೆ ಟಾರ್ಷನ್ ಬಾರ್, ಇರುವ ಗಾಡಿಗಳಲ್ಲಿ ಒಂದು ಬೋಲ್ಟು ತಿರುಗಿಸಿದರೆ ಎತ್ತರ ಏರುತ್ತದೆ, ಸುಲಭವಾಗಿದೆ ಎಂದೇ ಅಲ್ಲಿ ಹೆಚ್ಚು ಎಚ್ಚರ ಬೇಕು. ಬೋಲ್ಟಿಗೆ ಮೊದಲು ಬಣ್ಣದ ಗುರುತು ಹಾಕಿ, ಎರಡೂ ಕಡೆ ಸುತ್ತು ಎಣಿಸಿ ತಿರುಗಿಸಿ.

ಬ್ಲೇಡು ಬದಲಾಯಿಸಿದರೂ, ಬಿಲ್ಲೆ ಇಟ್ಟರೂ, ಅಲೈನ್‌ಮೆಂಟ್ ಮಾಡಿಸದೆ ಗ್ಯಾರೇಜಿನಿಂದ ಹೊರಡಬೇಡಿ. ಅಲೈನ್‌ಮೆಂಟಿನ ಖರ್ಚು ಉಳಿಸಿದವರು ಮುಂದಿನ ಎರಡು ಟೈರನ್ನು ಒಂದೇ ಬದಿಯಲ್ಲಿ ತಿನ್ನಿಸಿಕೊಳ್ಳುತ್ತಾರೆ. ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಬ್ರೇಕ್ ಹೋಸು ಎಲ್ಲಿಯಾದರೂ ಬಿಗಿಯುತ್ತದೆಯೇ, ಟೈರಿಗೆ ಉಜ್ಜುತ್ತದೆಯೇ ಎಂದು ನೋಡಿ.

ಕಡೆಗೆ ಲೈಟು. ಇದನ್ನು ನೀವೇ ಮಾಡಬಹುದು, ಗ್ಯಾರೇಜು ಬೇಡ. ಗಾಡಿಗೆ ಮಾಮೂಲು ಲೋಡು ಹಾಕಿ, ಸಮನೆಲದಲ್ಲಿ ಗೋಡೆಗೆ ಸರಿಯಾಗಿ ಹತ್ತು ಮೀಟರ್ ದೂರದಲ್ಲಿ ನಿಲ್ಲಿಸಿ. ನೆಲದಿಂದ ಲೈಟಿನ ನಡುವಿನವರೆಗೆ ಅಳೆದು ಗೋಡೆಯ ಮೇಲೆ ಅದೇ ಎತ್ತರಕ್ಕೆ ಸುಣ್ಣದಕಡ್ಡಿಯಲ್ಲಿ ಒಂದು ಗೆರೆ ಎಳೆಯಿರಿ. ಅದರ ಕೆಳಗೆ ಹತ್ತು ಸೆಂಟಿಮೀಟರಿಗೆ ಇನ್ನೊಂದು ಗೆರೆ. ಕತ್ತಲಾದ ಮೇಲೆ ಡಿಮ್ ಹಾಕಿ. ಬೆಳಕಿನ ಮೇಲಂಚು ಕೆಳಗಿನ ಗೆರೆಯ ಮೇಲೆ ಕೂರಬೇಕು. ಮೇಲಿನ ಗೆರೆ ದಾಟಿದ್ದರೆ ಲೈಟಿನ ಹಿಂದಿರುವ ಸ್ಕ್ರೂ ತಿರುಗಿಸಿ ಇಳಿಸಿ. ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನಲ್ಲೇ ಸೊನ್ನೆಯಿಂದ ಮೂರರವರೆಗೆ ಅಂಕಿ ಇರುವ ಒಂದು ಸಣ್ಣ ಗುಂಡಿ ಇರುತ್ತದೆ. ಖಾಲಿ ಓಡುವಾಗ ಸೊನ್ನೆ, ಲೋಡಿನಲ್ಲಿ ಓಡುವಾಗ ಎರಡೋ ಮೂರೋ. ಎಷ್ಟೋ ಡ್ರೈವರಣ್ಣಂದಿರು ಗಾಡಿ ಬಂದ ದಿನದಿಂದ ಅದನ್ನು ಮುಟ್ಟಿಯೇ ಇಲ್ಲ. ಇವತ್ತು ಸಂಜೆ ಮುಟ್ಟಿ ನೋಡಿ.

ಹೊಸ ಬ್ಲೇಡು ಲೋಡಿನಲ್ಲಿ ಒಂದಿಷ್ಟು ಓಡಿದ ಮೇಲೆ ತನ್ನ ಜಾಗಕ್ಕೆ ಕೂರುತ್ತದೆ, ಯು ಬೋಲ್ಟಿನ ನಟ್ಟುಗಳು ಸಡಿಲಗೊಳ್ಳುತ್ತವೆ. ಮೊದಲ ನೂರು ಕಿಲೋಮೀಟರಿಗೆ ಒಮ್ಮೆ, ಐನೂರಕ್ಕೆ ಇನ್ನೊಮ್ಮೆ ಪಾನಾ ಹಾಕಿಸಿ. ಆಗ ಹಬ್ಬಿನಿಂದ ಮಡ್‌ಗಾರ್ಡಿನವರೆಗಿನ ಅಳತೆಯನ್ನೂ ಮತ್ತೆ ತೆಗೆದು, ಮೊದಲು ಬರೆದುಕೊಂಡದ್ದರ ಪಕ್ಕದಲ್ಲಿ ಬರೆದಿಡಿ. ಕಾರ್ಖಾನೆ ಕಬ್ಬು ಅರೆಯಲು ಶುರುಮಾಡುವ ಮುಂಚೆ, ರಸ್ತೆ ತುಂಬ ಗಾಡಿಗಳಾಗುವ ಮುಂಚೆ, ಇಷ್ಟು ಮಾಡಿಸಿಕೊಳ್ಳಿ.